ಅವ್ವನ ಅಳು, ಕೋಲ್ಕತ್ತಾದ ಬ್ಯಾಂಡು

“ನಮ್ಮ ಮನೆತನದಾಗ ಡಿಗ್ರಿ ಅಂದ್ರ ಜ್ವರ ಬಂದಾಗ ನೋಡೂ ಡಿಗ್ರಿ ಒಂದ. ಇನ್ನೊಂದು ಡಿಗ್ರಿ ಈ ಹುಡಿಗಿ ತರತಾಳಂತ. ತರಲಿ, ಆವತ್ತ ಮೀಸಿ ಬೋಳಸ್ತೀನಿ.”

ಹೀಗೆ ಹೇಳಿದವನು ನನ್ನ ಸೋದರಮಾವ ಫಕೀರಪ್ಪ. ಕುಷ್ಟಗಿಯಲ್ಲಿ ಪಿಯುಸಿ ಸೈನ್ಸ್ ಮುಗಿಸಿದ ನನಗೆ ಕೊಪ್ಪಳದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಅಣ್ಣನ ಆಶೀರ್ವಾದ ಕೊಡಿಸಬೇಕೆಂದು ಅವ್ವ ನನ್ನನ್ನು ಯಲಬುರ್ಗಾ ಕಡೆಯ ತನ್ನ ತವರಿಗೆ ಕರೆದುಕೊಂಡು ಹೋಗಿದ್ದಳು. ಸಿಕ್ಕ ಆಶೀರ್ವಾದ ಇದು. ಕಟ್ಟೆಯ ಮೇಲೆ ಕೂತಿದ್ದ ನಾಲ್ಕು ಮಂದಿ ಹೊಟ್ಟೆ ಹಿಡಿದು ನಕ್ಕರು. ಅವ್ವ ಸೆರಗು ಸರಿಮಾಡಿಕೊಂಡು, “ಕತ್ತಿ ಮಸದ ಇಟ್ಟಿರು ಅಣ್ಣಾ” ಎಂದಳು.

ನಾಲ್ಕು ವರ್ಷದ ಮೇಲೆ ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಮಾವ ಮೀಸೆ ಬೋಳಿಸಲಿಲ್ಲ. “ಬೆಳ್ಳಗಾದ ಮೀಸಿ, ಇದ್ರೇನು ಹೋದ್ರೇನು” ಎಂದು ಮಾತು ಹಾರಿಸಿದ. ಇರಲಿ. ಅಪ್ಪನ ಕಡೆ, ಅವ್ವನ ಕಡೆ, ಎರಡೂ ಕಡೆ ಜರಡಿ ಹಿಡಿದರೂ ಪದವಿ ಮುಗಿಸಿದ ಮೊದಲ ಜೀವ ನಾನು. ಅಪ್ಪ ನಾನು ಆರನೇ ಕ್ಲಾಸಿನಲ್ಲಿದ್ದಾಗಲೇ ಸತ್ತಿದ್ದ. ಹನುಮಸಾಗರದ ಸುತ್ತಿನ ಹೊಲಗಳಲ್ಲಿ ಮಂದಿಯ ಸಜ್ಜೆ ಕೊಯ್ದು, ಮಂದಿಯ ಕಸ ತೆಗೆದು ಅವ್ವ ನನ್ನನ್ನು ಓದಿಸಿದಳು. ಇದನ್ನು ಸಣ್ಣ ದನಿಯಲ್ಲಿ ಹೇಳಿಕೊಳ್ಳುವ ಅಭ್ಯಾಸ ನನಗಿಲ್ಲ. ಆ ಹೆಮ್ಮೆ ನನ್ನ ಕೈಯಿಂದ ಏನು ಮಾಡಿಸಿತು ಎಂಬುದನ್ನೂ ಅದೇ ದನಿಯಲ್ಲಿ ಹೇಳಬೇಕಾಗಿದೆ.

ಕೇಂದ್ರ ಸರಕಾರದ ಪರೀಕ್ಷೆ ಬರೆದೆ. ಆರ್ಡರ್ ಬಂದದ್ದು ಕೋಲ್ಕತ್ತಾದ ಒಂದು ಆಸ್ಪತ್ರೆಗೆ. ನಮ್ಮೂರಲ್ಲಿ ಕಲ್ಕತ್ತಾ ಎಂದರೆ ಪಾನ್ ಅಂಗಡಿಯ ಎಲೆಯ ಹೆಸರು. ಎರಡು ರೈಲು ಬದಲಿಸಿ, ಎರಡು ದಿನ ಕೂತು, ಆ ಎಲೆಯ ಊರಿಗೆ ಹೋಗಿ ಇಳಿದೆ.

ಸೇರಿದ ಎರಡನೇ ವಾರ ಒಂಬತ್ತನೇ ಬೆಡ್ಡಿನ ಮುದುಕ ಬೆಳಿಗ್ಗೆ ಹೋದ. ಹೆಂಡತಿ ಪಕ್ಕದಲ್ಲೇ ಇದ್ದಳು. ನಾನು ಮುಖಕ್ಕೆ ಬಟ್ಟೆ ಮುಚ್ಚಿ ಎರಡು ಹೆಜ್ಜೆ ಹಿಂದೆ ಸರಿದೆ. ನಮ್ಮಲ್ಲಿ ಹಾಗೆ ಸರಿಯಬೇಕು. ಅಳುವವಳಿಗೆ ಕೈ ಬೀಸಲು, ನೆಲ ಬಡಿಯಲು ಜಾಗ ಬೇಕು. ಆಕೆ ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡಳು, ಎಲ್ಲಿ ಸಹಿ ಮಾಡಬೇಕು ಎಂದು ಕೇಳಿದಳು. ಸಹಿ ಮಾಡಿ ಹೊರಗಿನ ಬೆಂಚಿನ ಮೇಲೆ ಹೋಗಿ ಕೂತಳು. ನಾನು ಕಾಯುತ್ತಲೇ ಇದ್ದೆ. ಕೊನೆಗೆ ಹಿರಿಯ ಸಿಸ್ಟರನ್ನು ನನ್ನ ಮುರುಕು ಹಿಂದಿಯಲ್ಲಿ ಕೇಳಿದೆ: “ಆಕೆಗೆ ತಿಳಿದಿಲ್ಲವೇನೋ, ಇನ್ನೊಮ್ಮೆ ಹೇಳಲೇ?” ಅವರು ನನ್ನನ್ನೇ ರೋಗಿಯಂತೆ ನೋಡಿದರು. “ತಿಳಿದಿದೆ. ನೀನು ಬೆಡ್‌ಶೀಟ್ ಬದಲಿಸು.”

ಅಲ್ಲಿಯೂ ಅಳುವವರಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಅಳುವಿನೊಳಗೆ ಮಾತಿಲ್ಲ. ನಮ್ಮ ಕಡೆ ಸಾವಾದರೆ ಹೆಣ್ಣುಮಕ್ಕಳು ಬರೀ ಕಣ್ಣೀರು ಹಾಕುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವನ ಹೆಸರು ಹಿಡಿದು, ಎದುರಿಗೆ ಕೂತವನನ್ನು ಮಾತಾಡಿಸಿದಂತೆ, ಅವನು ಕೊಟ್ಟದ್ದು, ಕೊಡದೆ ಹೋದದ್ದು, ಹೊಡೆದದ್ದು, ನಗಿಸಿದ್ದು, ಒಂದೊಂದನ್ನೇ ಎಳೆದು ಎಳೆದು ಹೇಳುತ್ತಾರೆ. ಸಾಲಿನ ಕೊನೆಗೆ ದನಿ ಏರಿ ಬಾಗಿ ಇಳಿಯುತ್ತದೆ. ಅದು ಹಾಡೂ ಅಲ್ಲ, ಬರೀ ಮಾತೂ ಅಲ್ಲ. ನಮ್ಮವ್ವ ಯಮನವ್ವ ಅದರಲ್ಲಿ ಸುತ್ತ ಹತ್ತು ಹಳ್ಳಿಗೆ ಹೆಸರಾದಾಕೆ. “ಯಮನವ್ವ ಬಂದ್ಲು, ಇನ್ನ ಹೆಣಕ್ಕ ಕಳೆ ಬಂತು” ಎನ್ನುತ್ತಿದ್ದರು. ಕಾಲೇಜಿನಲ್ಲಿದ್ದಾಗ ನನಗೆ ಇದು ನಾಚಿಕೆಯ ಸಂಗತಿಯಾಗಿತ್ತು. ನಿನ್ನ ತಾಯಿ ಏನು ಮಾಡುತ್ತಾಳೆ ಎಂದರೆ ಕೂಲಿ ಎನ್ನುತ್ತಿದ್ದೆ, ಅಳುತ್ತಾಳೆ ಎನ್ನುತ್ತಿರಲಿಲ್ಲ.

ಕೋಲ್ಕತ್ತಾದಲ್ಲಿ ಸಿಕ್ಕಿದ್ದು ಹಳೆಯ ಮನೆಯೊಂದರ ಎರಡನೇ ಮಹಡಿಯ ಒಂದು ಕೋಣೆ. ಗೋಡೆಗೆ ಕೈ ಇಟ್ಟರೆ ತೇವ. ನಮ್ಮಲ್ಲಿ ಒಣಗಲು ಹಾಕಿದ ಬಟ್ಟೆ ಅರ್ಧ ತಾಸಿನಲ್ಲಿ ಹಪ್ಪಳವಾದರೆ, ಅಲ್ಲಿ ನನ್ನ ಯೂನಿಫಾರ್ಮು ಮೂರು ದಿನ ನೇತಾಡಿದರೂ ಹಸಿ. ಮನೆಯೊಡತಿಯನ್ನು ಎಲ್ಲರೂ ಮಾಶಿಮಾ ಎನ್ನುತ್ತಿದ್ದರು, ಅಂದರೆ ಚಿಕ್ಕವ್ವ. ದಿನಾ ಬಾಗಿಲಿಗೆ ಬಂದು “ಭಾತ್ ಖೇಯೆಛೊ?” ಎನ್ನುವರು. ಅನ್ನ ಉಂಡೆಯಾ ಎಂದು. ರೊಟ್ಟಿ ಉಂಡೆ ಎಂದರೆ ಅವರಿಗೆ ಉತ್ತರ ಬಂದಂತಾಗುತ್ತಿರಲಿಲ್ಲ: “ಅದು ಸರಿ, ಅನ್ನ ಯಾವಾಗ?” ಅಡಿಗೆಮನೆಯಿಂದ ಸಾಸಿವೆ ಎಣ್ಣೆಯಲ್ಲಿ ಮೀನು ಕರಿಯುವ ವಾಸನೆ ಮೆಟ್ಟಿಲೇರಿ ಬಂದು ನನ್ನ ದಿಂಬಿನಲ್ಲಿ ಮಲಗುತ್ತಿತ್ತು. ಅವ್ವ ಕಟ್ಟಿಕೊಟ್ಟಿದ್ದ ಕಟಕ ರೊಟ್ಟಿ ಆ ತೇವಕ್ಕೆ ಒಂದೇ ವಾರದಲ್ಲಿ ಮೆತ್ತಗಾಗಿ ಬೂಸರು ಹಿಡಿಯಿತು. ಅಂದು ಮೊದಲ ಸಲ ಬಾಗಿಲು ಹಾಕಿಕೊಂಡು ಅತ್ತೆ, ಮಾತಿಲ್ಲದೆ.

ಭಾಷೆಯೂ ಹೆದರಿಸಿತು. ಬಂಗಾಳಿಯಲ್ಲಿ ಮನೆಗೆ ‘ಬಾಡಿ’ ಎನ್ನುತ್ತಾರೆ. ವಾರ್ಡಿನಲ್ಲಿ ಆ ಶಬ್ದಕ್ಕೆ ನಮಗೆ ಗೊತ್ತಿರುವ ಅರ್ಥವೇ ಬೇರೆ. ಬೆಳಗಾದರೆ ಹತ್ತು ರೋಗಿಗಳು ನಗುನಗುತ್ತಾ “ಬಾಡಿ ಜಾಬೊ” ಎನ್ನುವರು. ಮನೆಗೆ ಹೋಗುತ್ತೇನೆ ಎಂದು. ಆ ನಗುವಿಗೆ ಹೊಂದಿಕೊಳ್ಳಲು ಎರಡು ತಿಂಗಳು ಹಿಡಿಯಿತು. ಒಂದೇ ಒಂದು ಯುದ್ಧ ಗೆದ್ದೆ. ಚುರಮರಿಗೆ ಅಲ್ಲಿ ‘ಮುಡಿ’ ಎನ್ನುತ್ತಾರೆ. ಅದನ್ನು ತಂದು, ಉಳ್ಳಾಗಡ್ಡಿ ಹೆಚ್ಚಿ, ಅವ್ವನ ಗುರೆಳ್ಳು ಚಟ್ನಿ ಕಲಸಿ ಗಿರ್ಮಿಟ್ ಮಾಡಿ ಮಾಶಿಮಾಗೆ ಕೊಟ್ಟೆ. “ಇದು ನಮ್ಮ ಝಾಲ್‌ಮುಡಿಯೇ” ಎಂದು ವಾದಿಸುತ್ತಲೇ ತಟ್ಟೆ ಖಾಲಿ ಮಾಡಿದರು.

ಇನ್ನು ಆ ಭಾನುವಾರ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದೆ. ಮಧ್ಯಾಹ್ನದ ಹೊತ್ತು, ನೆಲದ ಕೆಳಗಿನಿಂದ ಒಂದು ಹೆಣ್ಣಿನ ದನಿ ಏರಿ ಬಂತು. ಎಳೆದು ಎಳೆದು ಯಾರದೋ ಹೆಸರು ಹಿಡಿದು ಕೇಳುತ್ತಿದೆ. ಸಾಲಿನ ಕೊನೆಗೆ ಬಾಗಿ ಇಳಿಯುತ್ತಿದೆ. ಹಿಂದೆ ಯಾರೋ ಎದೆ ಬಡಿದುಕೊಂಡಂತೆ ಸದ್ದು. ನಿದ್ದೆಗಣ್ಣಿನಲ್ಲಿ ನನಗೆ ಹೊಳೆದದ್ದು ಒಂದೇ: ಮಾಶಿಮಾ ಹೋದರು. ಎದ್ದವಳೇ ಓಢಣಿ ತಲೆಗೆ ಹೊದ್ದು, ಬರಿಗಾಲಲ್ಲಿ ಮೆಟ್ಟಿಲಿಳಿದು, ಕೆಳಗಿನ ಗ್ಯಾರೇಜಿನ ಬಾಗಿಲು ತಳ್ಳಿದೆ. ದನಿ ತೆಗೆದು ಅಳುತ್ತಿದ್ದ ಹೆಣ್ಣುಮಗಳ ಕೊರಳು ತಬ್ಬಿ, ನಮ್ಮ ರಿವಾಜಿನಂತೆ, “ಯಾರಿಗೆ ಬಿಟ್ಟು ಹೋದೆವ್ವಾ, ನನ್ನವ್ವಾ” ಎಂದು ಶುರುಮಾಡಿಯೇಬಿಟ್ಟೆ.

ನಾಲ್ಕು ಸಾಲು ಅತ್ತಿರಬೇಕು. ಯಾರೂ ದನಿ ಕೂಡಿಸಲಿಲ್ಲ. ಕಣ್ಣು ತೆರೆದರೆ ಎದುರಿಗೆ ಮೈಕು. ಒಬ್ಬ ಡ್ರಮ್ಮಿನ ಮುಂದೆ ಬಾಯಿ ತೆರೆದು ಕೂತಿದ್ದ. ಇನ್ನೊಬ್ಬನ ತೊಡೆಯ ಮೇಲೆ ಎಸ್ರಾಜ್ ಎಂಬ ಕಮಾನಿನಿಂದ ನುಡಿಸುವ ವಾದ್ಯ. ನನ್ನ ತೋಳಲ್ಲಿದ್ದಾಕೆ ಮೆತ್ತಗೆ ಬಿಡಿಸಿಕೊಂಡು ಕೇಳಿದಳು: “ದಿದಿ, ಕೀ ಹೊಯೆಛೆ?” ಏನಾಯಿತು ಎಂದು.

“ಯಾರು ಹೋದದ್ದು?” ಎಂದೆ.

“ಕೇಉ ನಾ.” ಯಾರೂ ಇಲ್ಲ.

ಡ್ರಮ್ಮಿನವ ಮೊದಲು ನಕ್ಕ. ಆಮೇಲೆ ಬಾಗಿಲಿಗೆ ಬಂದು ನಿಂತಿದ್ದ ಮಾಶಿಮಾ, ತಾನು ಬದುಕಿರುವುದಕ್ಕೆ ಸಾಕ್ಷಿ ಕೊಡುವವರಂತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕರು. “ನಾನು ಸತ್ತರೆ ಇಷ್ಟು ಅಳುತ್ತೀಯಾ? ಹಾಗಾದರೆ ಬಾಡಿಗೆ ಏರಿಸುವುದಿಲ್ಲ.” ನೆಲ ಬಾಯಿಬಿಡಬಾರದೇ ಎನಿಸಿತು. ನಗದೆ ಇದ್ದವಳು ನಾನು ತಬ್ಬಿದ್ದಾಕೆ ಒಬ್ಬಳೇ. ಅವಳು ಮಾಶಿಮಾನ ತಂಗಿಯ ಮಗಳು, ಶಾಲಾ ಶಿಕ್ಷಕಿ, ಹೆಸರು ಝಿನುಕ್. “ಈಗ ನೀವು ಮಾಡಿದಿರಲ್ಲ, ಅದೇನು?” ಎಂದು ಕೇಳಿದಳು. ಅದೊಂದು ಹಾಡು ಎಂದುಕೊಂಡಿದ್ದಳು.

ಅವರ ತಂಡದ ಹೆಸರು ‘ಭಾಂಗಾ ಬೆಂಚಿ’, ಅಂದರೆ ಮುರುಕು ಬೆಂಚು. ಬ್ಯಾಂಡ್ ಎನ್ನುತ್ತಾರೆ, ಆದರೆ ಝಿನುಕ್ ಹಾಡುವುದಿಲ್ಲ. ತಾನೇ ಬರೆದ ಕವಿತೆಯನ್ನು ಹೇಳುತ್ತಾಳೆ. ಒಮ್ಮೆ ಪಿಸುಗುಟ್ಟಿ, ಒಮ್ಮೆ ಸಂತೆಯಲ್ಲಿ ಕೂಗಿದಂತೆ. ಎಸ್ರಾಜು ಆ ಮಾತಿನ ಬಾಲ ಹಿಡಿದು ಹೋಗುತ್ತದೆ, ಡ್ರಮ್ಮು ನಡುನಡುವೆ ಹಾದಿ ತಪ್ಪಿಸುತ್ತದೆ. ಸಂಗೀತದ ಸಭೆಯವರು ಇದು ಕವಿಗೋಷ್ಠಿ ಎಂದು ವಾಪಸು ಕಳಿಸಿದ್ದರಂತೆ, ಕವಿಗೋಷ್ಠಿಯವರು ಗದ್ದಲ ಎಂದು ವಾಪಸು ಕಳಿಸಿದ್ದರಂತೆ. ಆ ದಿನ ಅವಳು ಹೇಳುತ್ತಿದ್ದದ್ದು ಮುಚ್ಚಿಹೋದ ಸೆಣಬಿನ ಗಿರಣಿಯ ಮುಂದೆ ಸತ್ತ ಕಾರ್ಮಿಕನೊಬ್ಬನ ಬಗ್ಗೆ. ಎರಡು ತಾಸು ಅಲ್ಲೇ ಕೂತೆ. ಮಾತು ಅರ್ಧ ತಿಳಿಯಲಿಲ್ಲ. ಆದರೆ ದನಿ ಎಲ್ಲಿ ಏರಬೇಕು, ಎಲ್ಲಿ ಬಾಗಬೇಕು ಎಂಬುದು ಪ್ರತಿ ಸಲವೂ ಮೊದಲೇ ತಿಳಿಯುತ್ತಿತ್ತು. ಇಷ್ಟು ವರ್ಷ ನಾನು ಮುಚ್ಚಿಟ್ಟ ವಸ್ತುವಿಗೆ ಇಲ್ಲಿ ಟಿಕೆಟು ಇಟ್ಟಿದ್ದರು.

ಅಲ್ಲಿಂದ ಪ್ರತಿ ಭಾನುವಾರ ಗ್ಯಾರೇಜೇ ನನ್ನ ಊರಾಯಿತು. ಅವ್ವನ ಅಳುವಿನ ಬಗ್ಗೆ ಹೇಳಿದೆ. ಝಿನುಕ್‌ಗೆ ಹಸಿವು ಹುಟ್ಟಿತು. ಅದನ್ನು ಕೇಳಿಸು, ನಮ್ಮ ಕಾರ್ಯಕ್ರಮದಲ್ಲಿ ತರೋಣ ಎಂದಳು. ನಾನು ಅವ್ವನಿಗೆ ಫೋನ್ ಹಚ್ಚಿದೆ.

“ಯವ್ವಾ, ನೀ ಹಾಡ್ಯಾಡಿ ಅಳತೀಯಲ್ಲ, ಅದನ್ನ ಒಂದೀಟು ಫೋನಿನ್ಯಾಗ ಹೇಳ ಬೇ.”

“ಯಾರು ಸತ್ತಾರ?”

“ಯಾರೂ ಸತ್ತಿಲ್ಲ. ಇಲ್ಲಿ ಮಂದಿಗೆ ಕೇಳಬೇಕಂತ.”

“ಹುಚ್ಚಿ, ಹೆಣ ಇಲ್ಲದ ಅತ್ರ ಹೆಣಾನ ಕರದಂಗ. ಮುಂದ ಒಬ್ರು ಮಲಗಿರಬೇಕು, ಅಂದ್ರ ಮಾತು ಬರತಾವು. ಮಣ್ಣಾದ ಮ್ಯಾಲ ಅವು ನನಗೂ ನೆನಪಿರೂದಿಲ್ಲ, ಯಾರಿಗೂ ಇರಬಾರದು” ಎಂದಳು.

ಇದು ನನಗೆ ಗೊತ್ತಿರದ ಸಂಗತಿಯಲ್ಲ. ಮಣ್ಣು ಎಂದರೆ ನಮ್ಮಲ್ಲಿ ಶವಸಂಸ್ಕಾರ. ಮಣ್ಣಿಗೆ ಮುಂಚೆ ಹೆಣದ ಮುಂದೆ ಹೆಣ್ಣುಮಗಳು ಏನನ್ನೂ ಹೇಳಬಹುದು. ಗಂಡನ ಹೊಡೆತ, ಅತ್ತೆಯ ಕಾಟ, ಅಣ್ಣತಮ್ಮರ ಮೋಸ, ಬದುಕಿದ್ದಾಗ ಬಾಯಿಬಿಟ್ಟರೆ ಹಲ್ಲು ಉದುರುವಂಥ ಮಾತು. ಗಂಡಸರು ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೇಳಿಸಿಕೊಳ್ಳಬೇಕು. ಆದರೆ ಮಣ್ಣು ಮುಗಿಸಿ ಕೈಕಾಲು ತೊಳೆದ ಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ. ಆಡಿದವಳೂ ಎತ್ತುವಂತಿಲ್ಲ, ಕೇಳಿದವರೂ ಎತ್ತುವಂತಿಲ್ಲ. ಆ ಕಟ್ಟಳೆ ಇದೆ ಎಂದೇ ಅಷ್ಟು ಮಾತು ಹೊರಬರುತ್ತದೆ.

ಮರುವರ್ಷ ನಾಗರ ಪಂಚಮಿಗೆ ರಜೆ ಹಾಕಿ ಊರಿಗೆ ಬಂದೆ. ಬಂದ ಮೂರನೇ ದಿನ ಮಾವ ಫಕೀರಪ್ಪ ಹೊಲದಲ್ಲೇ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಅವ್ವನೂ ನಾನೂ ಹೋದಾಗ ಅವನನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದರು. ಪಕ್ಕದಲ್ಲಿ ಅವನ ಹೆಂಡತಿ ಶಾಂತತ್ತಿ. ಕಾಲ ಬಳಿ ಕಿರಿಮಗಳು ಸಾವಿತ್ರಿ. ಅವಳಿಗೆ ಗಂಗಾವತಿ ಕಡೆಯ ಒಂದು ಮನೆಗೆ ನಿಶ್ಚಯವಾಗಿತ್ತು, ಇನ್ನು ಎರಡು ತಿಂಗಳಿಗೆ ಲಗ್ನ. ಅವ್ವ ಹೊಸ್ತಿಲಲ್ಲಿ ನಿಂತು ಅಣ್ಣನ ಮುಖ ನೋಡಿದಳು. ಸೆರಗು ತಲೆ ಮೇಲೆ ಎಳೆದುಕೊಂಡು, ಅವನ ಮುಂದೆ ಕೂತು, ಶುರುಮಾಡಿದಳು. ನನ್ನ ಫೋನು ಓಢಣಿಯ ಮರೆಯಲ್ಲಿತ್ತು. ರೆಕಾರ್ಡ್ ಯಾವಾಗ ಒತ್ತಿದೆ ಎಂದು ಕೇಳಿದರೆ, ಅವ್ವ ಹೊಸ್ತಿಲು ದಾಟುವ ಮೊದಲೇ.

“ನೀ ಇನ್ನ ಏಳಾವ ಅಲ್ಲ, ನಾ ಅಂದ್ರ ಸಿಟ್ಟಾಗಾವ ಅಲ್ಲ, ಇವತ್ತ ಕೇಳ ನನ್ನಣ್ಣಾ.
ಪಂಚಮಿಗೆ ಸೀರಿ ತಂದಿ, ಮುಂಗೈ ತುಂಬ ಬಳಿ ಇಡಿಸಿದಿ, ಆ ಕೈ ಹೆಂಗ ಮರೀಲಿ ನನ್ನಣ್ಣಾ.
ಗಂಡ ಬಡದ ಮೈ ಹೊತಗೊಂಡು ನಿನ್ನ ಬಾಗಲಿಗೆ ಬಂದ್ರ, ಇಳದ ಬಸ್ಸಿಗೇ ಹತ್ತಿಸಿದಿ ನನ್ನಣ್ಣಾ.
ತಂಬಿಗಿ ನೀರು ಕೇಳಿದ್ರ, ಬಸ್ಸು ಹೋಗತೈತಿ ಅಂದಿ ನನ್ನಣ್ಣಾ.
ಹಿರಿಮಗಳು ಓದತೇನಂದ್ರ ಪುಸ್ತಕ ಒಲಿಗಿಟ್ಟಿ, ಒಲ್ಲದ ಗಂಡಿಗೆ ಗಂಟ ಹಾಕತೇನಂದಿ.
ಜ್ವರ ಬಂದು ಹೋದ್ಲಂತ ಊರಿಗೆ ಹೇಳಿದಿ, ಬಾವಿಗೆ ಜ್ವರ ಬರತಾವೇನು ನನ್ನಣ್ಣಾ.
ಆಕಿ ಅಲ್ಲಿ ಕೊಡ ತುಂಬಿಕೊಂಡು ನಿಂತಾಳ, ನೀರಡಸಿ ಹೊಂಟಿ, ಬೊಗಸಿ ಒಡ್ಡು ನನ್ನಣ್ಣಾ.”

ಮಾವನ ಹಿರಿಮಗಳು ಬಾವಿಗೆ ಬಿದ್ದದ್ದು ಊರಿಗೆಲ್ಲ ಗೊತ್ತಿತ್ತು, ಯಾರೂ ಆಡಿರಲಿಲ್ಲ. ಶಾಂತತ್ತಿ, ಇಷ್ಟು ವರ್ಷ ಆ ಮಗಳ ಹೆಸರನ್ನೇ ಎತ್ತದಿದ್ದಾಕೆ, ಅವ್ವನ ಹೆಗಲ ಮೇಲೆ ಬಿದ್ದು ಗೊಳೋ ಎಂದು ಅತ್ತಳು. ಸಾವಿತ್ರಿಯೂ ಅತ್ತಳು. ಮಣ್ಣು ಮುಗಿಸಿ ಬಂದು ಕೈಕಾಲು ತೊಳೆದ ಮೇಲೆ ಅದೇ ಶಾಂತತ್ತಿ ಮೊದಲ ತುತ್ತನ್ನು ಅವ್ವನ ಬಾಯಿಗೆ ಇಟ್ಟಳು. ಯಾರೂ ಏನೂ ಕೇಳಿಲ್ಲ, ಯಾರೂ ಏನೂ ಹೇಳಿಲ್ಲ. ನನ್ನ ಫೋನು ಮಾತ್ರ ಕೇಳಿತ್ತು.

ಕೋಲ್ಕತ್ತಾದಲ್ಲಿ ಕೇಳಿಸಿದೆ. ಒಂದು ಅಕ್ಷರ ತಿಳಿಯದ ಎಸ್ರಾಜಿನವ ಕಮಾನು ಕೆಳಗಿಟ್ಟು ಕಣ್ಣೊರೆಸಿಕೊಂಡ. ಕೂತು ಒಂದೊಂದೇ ಸಾಲಿನ ಅರ್ಥ ಹೇಳಿದೆ, ಝಿನುಕ್ ಬಂಗಾಳಿಗೆ ತಂದಳು. ಎಲ್ಲ ಮುಗಿದ ಮೇಲೆ ಪೆನ್ನು ಕಚ್ಚಿಕೊಂಡು ಕೇಳಿದಳು: “ಮಾ ಜಾನೇನ್?” ಅಮ್ಮನಿಗೆ ಗೊತ್ತಾ?

ನಾನು ಕೊಟ್ಟ ಉತ್ತರವನ್ನು ತಿದ್ದದೆ ಬರೆಯುತ್ತೇನೆ. “ಅವ್ವನ ಹತ್ತಿರ ಇರುವುದು ಬಟನ್ ಫೋನು. ಓದಲೂ ಬರುವುದಿಲ್ಲ. ಅವಳಿಗೆ ಎಲ್ಲಿಂದ ಗೊತ್ತಾಗಬೇಕು?”

ತಿಂಗಳೊಳಗೇ ಕಾರ್ಯಕ್ರಮ, ಒಂದು ಸಣ್ಣ ಸಭಾಂಗಣದಲ್ಲಿ. ಮೊದಲು ಕತ್ತಲಲ್ಲಿ ಅವ್ವನ ದನಿ ಬಂತು. ಆಮೇಲೆ ದೀಪ. ನಾನು ಇಳಕಲ್ ಸೀರೆಯುಟ್ಟು ಮೈಕಿನ ಮುಂದೆ ನಿಂತು ಅದೇ ಮಾತನ್ನು ಕನ್ನಡದಲ್ಲಿ ಹೇಳಿದೆ, ಪಕ್ಕದಲ್ಲಿ ಝಿನುಕ್ ಬಂಗಾಳಿಯಲ್ಲಿ. ‘ನನ್ನಣ್ಣಾ’ ಎಂದಾಗಲೆಲ್ಲ ಎಸ್ರಾಜು ಬಾಗುತ್ತಿತ್ತು. ಮುಗಿದಾಗ ಜನ ಎದ್ದು ನಿಂತರು. ಮಾಶಿಮಾ ಮುಂದಿನ ಸಾಲಿನಲ್ಲಿ ಸೀಟು ಹಿಡಿದು ಕೂತು, ಪಕ್ಕದವರಿಗೆಲ್ಲ “ಅವಳು ನಮ್ಮ ಮನೆಯವಳು” ಎಂದು ಹೇಳುತ್ತಿದ್ದರಂತೆ. ಒಬ್ಬ ಹಿರಿಯರು ಬಂದು, ನಿಮ್ಮ ತಾಯಿ ದೊಡ್ಡ ಕವಿ ಎಂದರು. ನಮ್ಮವ್ವನನ್ನು ದೊಡ್ಡ ಎಂಬ ಶಬ್ದದ ಪಕ್ಕ ಇಟ್ಟವರು ಅವರೇ ಮೊದಲು. ನನ್ನ ನೆತ್ತಿ ಮುಗಿಲಿಗೆ ತಾಗಿತು.

ತಂಡದವರು ವಿಡಿಯೋ ಹಾಕಿದರು. ಕೆಳಗೆ ಹೆಸರು ಬೇಡವೆಂದು ಝಿನುಕ್ ಹೇಳಿದಳು. ನಾನೇ ಹಟ ಮಾಡಿ ಬರೆಸಿದೆ: ಮಾತು ಯಮನವ್ವನದು, ಊರು ಹನುಮಸಾಗರ, ಜಿಲ್ಲೆ ಕೊಪ್ಪಳ. ಬರೆಸಿ ಸುಮ್ಮನಿರಲಿಲ್ಲ. ಪಿಯುಸಿ ಗೆಳತಿಯರ ವಾಟ್ಸಪ್ ಗುಂಪಿಗೆ ನನ್ನ ಕೈಯಾರೆ ಕಳಿಸಿದೆ, ಕೂಲಿಯವಳ ಮಗಳು ಎಲ್ಲಿ ನಿಂತಿದ್ದಾಳೆ ನೋಡಿಕೊಳ್ಳಲಿ ಎಂದು. ಅವರು ನೋಡಿದರು. ಭಾಳ ಛಲೋ ಬಂದೇತಿ ಎಂದು ಹೂವಿನ ಚಿತ್ರ ಕಳಿಸಿದರು. ಬೇರೆಯವರಿಗೂ ಕಳಿಸಿದರು.

ಎಂಟು ದಿನಕ್ಕೆ ಸಾವಿತ್ರಿಯ ಫೋನು ಬಂತು. ನಾನು ಡ್ಯೂಟಿಯ ನಡುವೆ ಚಹಾ ಕುಡಿಯುತ್ತಿದ್ದೆ.

“ಅಕ್ಕಾ, ನಿಂದು ನೋಡಿದ್ವಿ. ಭಾಳ ಮಂದಿ ಚಪ್ಪಾಳಿ ಹೊಡದ್ರಲ್ಲ.”

“ನೋಡಿದ್ರೇನವಾ?” ಎಂದೆ. ಖುಷಿಯಾಗಿಯೇ ಎಂದೆ.

“ಹೂಂ. ಗಂಗಾವತಿಯವರೂ ನೋಡ್ಯಾರ. ನಿನ್ನೆ ಬಂದಿದ್ರು. ಎಲಿ ಅಡಿಕಿ ತಿರುಗಿ ಕೊಟ್ಟು ಹೋದ್ರು.”

ಚಹಾದ ಲೋಟ ಕೆಳಗಿಟ್ಟು “ಯಾಕ?” ಎಂದೆ.

“ಹೆಣ್ಣಮಕ್ಕಳು ಬಾವಿಗೆ ಬೀಳೂ ಮನಿ ನಮಗ ಬ್ಯಾಡ ಅಂದ್ರು. ನಮ್ಮವ್ವ ಅವರ ಮುಂದ ಮೊಣಕಾಲೂರಿ ಕುಂತಿದ್ಲು. ಆ ಹುಡುಗ ಫೋನ್ ತಗದು ನಿಮ್ಮವ್ವನ ದನಿ ಹಚ್ಚಿ ಕೇಳಿಸಿದ. ನಮ್ಮ ಪಡಸಾಲ್ಯಾಗ, ಅಪ್ಪ ಕುಂತಿದ್ದ ಜಾಗಾದಾಗ.”

“ಸಾವಿತ್ರೀ, ನಾ ಹಂಗಂತ—”

“ನಿಮ್ಮವ್ವ ಹೇಳಿದ್ದು ನಮ್ಮಪ್ಪನ ಹೆಣದ ಮುಂದ. ಅದಕ್ಕ ನಾವೂ ಕೂಡಿ ಅತ್ವಿ. ನೀ ಹೇಳಿದ್ದು ಯಾರ ಮುಂದ ಅಕ್ಕಾ?”

ವಿಡಿಯೋ ತೆಗೆಸಿದೆ. ಝಿನುಕ್ ಒಂದು ಮಾತು ಕೇಳದೆ ತೆಗೆದಳು. ಆದರೆ ಕೊಪ್ಪಳದಿಂದ ಗಂಗಾವತಿಯವರೆಗೆ ಫೋನಿನಿಂದ ಫೋನಿಗೆ ಹೋಗಿದ್ದನ್ನು ತೆಗೆಯುವವರು ಯಾರು? ಹಿಟ್ಟಿನ ಗಿರಣಿಯಲ್ಲಿ, ಬಸ್ಸಿನಲ್ಲಿ, ಕಟಿಂಗ್ ಶಾಪಿನಲ್ಲಿ ಅವ್ವ ಅಳುತ್ತಲೇ ಇದ್ದಳು. ಹುಡುಗರು ಒಬ್ಬರನ್ನೊಬ್ಬರು ಕೆಣಕಲು “ಬೊಗಸಿ ಒಡ್ಡು ನನ್ನಣ್ಣಾ” ಎನ್ನುತ್ತಿದ್ದರಂತೆ.

ಶಾಂತತ್ತಿ ಅವ್ವನಿಗೆ ಬೈಯಲಿಲ್ಲ. ಒಂದು ಮಾತು ಹೇಳಿ ಕಳಿಸಿದಳು: ಇನ್ನು ಈ ಬಾಗಿಲಿಗೆ ಬರಬೇಡ. ಮುಂದಿನ ಪಂಚಮಿಗೆ ತವರಿನಿಂದ ಸೀರೆ ಬರಲಿಲ್ಲ. ಅದೇ ಸುಮಾರಿಗೆ ಹನುಮಸಾಗರದಲ್ಲಿ ಒಬ್ಬ ಹಿರಿಯಾಕೆ ತೀರಿಕೊಂಡಳು. ಅವ್ವ ಎಂದಿನಂತೆ ಹೋಗಿ ಹೆಣದ ಮುಂದೆ ಕೂತಳು. ಅಳುತ್ತಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಾಯಿ ಮುಚ್ಚಿದರು. ಕೊನೆಗೆ ಒಬ್ಬಳು ಸುತ್ತ ನೋಡಿ ಕೇಳಿದಳು: “ಯಮನವ್ವಾ, ನಿನ್ನ ಮಗಳು ಬಂದಾಳೇನು?”

ಅವ್ವ ಎದ್ದು ಬಂದಳು. ಅಂದಿನಿಂದ ಯಾರ ಸಾವಿಗೂ ಹೋಗಿಲ್ಲ. ಇದನ್ನು ನನಗೆ ಹೇಳಿದ್ದು ಪಕ್ಕದ ಮನೆಯಾಕೆ. ಅವ್ವ ಫೋನಿನಲ್ಲಿ ಕೇಳುತ್ತಿದ್ದದ್ದು ಎರಡೇ: ಉಂಡೇನು, ಪಗಾರ ಆತೇನು.

ಈಗ ನನಗೆ ಎರಡು ಊರುಗಳಿವೆ. ಕೋಲ್ಕತ್ತಾದಲ್ಲಿ ನನ್ನನ್ನು ‘ಕೊಪ್ಪಳೇರ್ ಮೆಯೆ’ ಎನ್ನುತ್ತಾರೆ, ಕೊಪ್ಪಳದ ಹುಡುಗಿ ಎಂದು. ಝಿನುಕ್ ಇನ್ನೂ ಕರೆಯುತ್ತಾಳೆ, ನಿನ್ನದೇ ಮಾತು ಬರಿ ಎನ್ನುತ್ತಾಳೆ. ಬರೆಯಲು ಕೂತರೆ ಪ್ರತಿ ಸಾಲೂ ಅವ್ವನ ದನಿಯಲ್ಲೇ ಬರುತ್ತದೆ, ಹರಿದು ಹಾಕುತ್ತೇನೆ. ಭಾನುವಾರ ಗ್ಯಾರೇಜಿಗೆ ಇಳಿಯದೆ ನೆಲದ ಮೇಲೆ ಮಲಗಿ ಕೇಳಿಸಿಕೊಳ್ಳುತ್ತೇನೆ. ವಾರ್ಡಿನಲ್ಲಿ ಯಾರಾದರೂ ಹೋದರೆ ಹೆಂಡತಿ ಬಾಯಿ ತೆರೆಯಲಿ ಎಂದು ಕಾಯುವುದಿಲ್ಲ. ಸಹಿ ಎಲ್ಲಿ ಮಾಡಬೇಕೆಂದು ತೋರಿಸುತ್ತೇನೆ. ಹನುಮಸಾಗರದಲ್ಲಿ ನಾನು ‘ಕಲ್ಕತ್ತಾದಾಕಿ’. ಬೋರ್‌ವೆಲ್ಲಿನ ಮುಂದೆ ನಿಂತ ಹೆಂಗಸರು ನಾನು ಬಂದರೆ ಮಾತು ನಿಲ್ಲಿಸುತ್ತಾರೆ. ನನ್ನ ಮುಖಕ್ಕಿಂತ ಮೊದಲು ನನ್ನ ಕೈ ನೋಡುತ್ತಾರೆ.

ಕಳೆದ ತಿಂಗಳು ಪದವಿ ಪ್ರಮಾಣಪತ್ರ ತರಲು ಬಂದೆ. ಘಟಿಕೋತ್ಸವಕ್ಕೆ ರಜೆ ಸಿಕ್ಕಿರಲಿಲ್ಲ, ಅದು ಕೊಪ್ಪಳದ ಕಾಲೇಜಿನಲ್ಲೇ ಬಿದ್ದಿತ್ತು. “ಇದಕ್ಕ ಕಲ್ಕತ್ತಾದಿಂದ ಬಂದೀರೇನ್ರಿ? ಪೋಸ್ಟಿನ್ಯಾಗ ಕಳಸ್ತಿದ್ವೆಲ್ರಿ” ಎಂದ ಆಫೀಸಿನವ. “ನಮ್ಮವ್ವನ ಕೈಯಾಗ ಇಡಬೇಕ್ರಿ” ಎಂದೆ.

ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿ, ಎರಡೂ ಕೈಯಲ್ಲಿ ತೆಗೆದುಕೊಂಡಳು. ಕಣ್ಣಿಗೆ ಒತ್ತಿಕೊಂಡಳು. “ನಿನ್ನ ಹೆಸರು ಎಲ್ಲೈತಿ?” ಎಂದಳು. ಅವಳ ಬೆರಳು ಹಿಡಿದು ಆ ಅಕ್ಷರಗಳ ಮೇಲೆ ಇಟ್ಟೆ. ಬೆರಳು ಅಲ್ಲೇ ಸುಮಾರು ಹೊತ್ತು ಇತ್ತು.

“ಛಲೋ ಆತು. ಇದರ ಸಲುವಾಗಿನ ಅಷ್ಟು ದುಡದದ್ದು” ಎಂದಳು. ಒಳಗೆ ಹೋಗಿ ಟ್ರಂಕಿನಲ್ಲಿ ತನ್ನ ಹಳೆಯ ಸೀರೆಗಳ ನಡುವೆ ಇಟ್ಟು ಬಂದು, ಮತ್ತೆ ಮೊರ ತೊಡೆಗೆ ತೆಗೆದುಕೊಂಡಳು. ಕಾಲು ಮುಟ್ಟಲು ಬಾಗಿದೆ. ತಲೆಯ ಮೇಲೆ ಕೈ ಇಟ್ಟಳು, ಮುಖ ನೋಡಲಿಲ್ಲ.

“ನಾ ಸತ್ತಾಗ ಬಾ ಯವ್ವಾ. ಮಣ್ಣ ಹಾಕು. ಬಾಯಿ ಮಾತ್ರ ತಗೀಬ್ಯಾಡ.”